ಔರಾದಿನ ಸಭೆ ತನ್ನ ಪಾಲಕರನ್ನು ಓದಲು ಬಿಟ್ಟದ್ದು

ಕಲಿಯುವ ಮನಸ್ಸನ್ನೂ ಕಲಿಸುವ ಸೇವಕರನ್ನೂ ತನ್ನ ಸಭೆಗೆ ಅನುಗ್ರಹಿಸಿದ ಕರ್ತನಿಗೆ ಮೊದಲು ಸ್ತೋತ್ರ. ಈ ಮುಪ್ಪಿನಲ್ಲಿಯೂ ನನ್ನನ್ನು ಆ ದಾರಿಯಲ್ಲಿ ನಡೆಸಿದ್ದಕ್ಕಾಗಿ ಮತ್ತೊಮ್ಮೆ ಸ್ತೋತ್ರ.

ತೊಗರಿ ಕೊಯ್ಲಿನ ಕಾಲದ ಒಂದು ಶನಿವಾರ, ಚಳಿಗೆ ಶಾಲು ಹೊದ್ದು, ಬೀದರದಲ್ಲಿ ಭಾಲ್ಕಿಯ ಬಸ್ಸು ಹತ್ತಿದೆ. ಔರಾದಿಗೆ ನೇರ ಬಸ್ಸುಗಳಿವೆ. ಆದರೆ ಭಾಲ್ಕಿಯಲ್ಲಿರುವ ನಿವೃತ್ತ ಸಭಾಪಾಲಕ, ಗೆಳೆಯ ಸುಂದರಪ್ಪನವರನ್ನು ಬಿಟ್ಟು ಹೋಗುವಂತಿರಲಿಲ್ಲ. ಔರಾದಿನ ಪಾಲಕ ದಯಾನಂದರು ನಮ್ಮಿಬ್ಬರ ಶಿಷ್ಯರು. ಅವರಿಗೆ ದೇವಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ಪ್ರವೇಶ ದೊರೆತಿತ್ತು. ಊರಿನಲ್ಲೇ ಇದ್ದು ವಾರಕ್ಕೆ ಎರಡು ದಿನ ಓದಿಗೆ ಮೀಸಲಿಡಬೇಕು. ಸಭೆ ಒಪ್ಪಿದರೆ ಮಾತ್ರ ಸೇರುವೆನೆಂದು ಅವರು ಹೇಳಿದ್ದರು. ಆ ಸಂಜೆಯೇ ತೀರ್ಮಾನ.

ಭಾಲ್ಕಿಯ ನಿಲ್ದಾಣದಲ್ಲಿ ಮಂಡಕ್ಕಿಯ ಸುಸಲಾ, ಬಿಸಿ ಮಿರ್ಚಿಭಜಿ ತಿಂದು ಬಸ್ಸು ಬದಲಿಸಿದೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ದಯಾನಂದರ ಪರವಾಗಿ ನಾನು ಮನಸ್ಸಿನಲ್ಲೇ ಭಾಷಣ ಕಟ್ಟುತ್ತಿದ್ದುದನ್ನು ಸುಂದರಪ್ಪನವರು ಗುರುತಿಸಿದರು.

“ಪಂಡಿತ್ರೇ, ಸಾಲ್ಯಾಗ ಜೀವನ ಪೂರಾ ಹಳಗನ್ನಡ ಹೇಳೀರಿ, ಸಾಕು. ಔರಾದಿನ ಮಂದಿ ನಿದ್ದಿ ಹೊಡದ್ರ ದಯಾನಂದನ ಕಥಿ ಮುಗೀತು.”

ಸಂಜೆ ಔರಾದಿನ ದೇವಾಲಯದ ಮುಂದೆ ಜಮಖಾನೆ ಹಾಸಿದ್ದರು. ಸಭೆಯ ಹಿರಿಯ ತುಕಾರಾಮಪ್ಪನವರು ಮೊದಲೇ ಎದ್ದರು. “ಆ ಎರಡು ದಿನ ಯಾರರೆ ಬಿದ್ರ ದವಾಖಾನಿಗೆ ಯಾರು ಬರಬೇಕ್ರಿ? ಪಾಸ್ಟರ್ ಈಗ ಓದಿದ್ದೇ ನಮಗ ರಗಡ ಆಗ್ಯದ.” ಹಲವರು ಹೌದೆಂದು ತಲೆಯಾಡಿಸಿದರು.

ನಾನು ಏಳುವ ಮೊದಲೇ, ಕಳೆದ ಮಳೆಗಾಲದಲ್ಲಿ ಗಂಡನನ್ನು ಕಳೆದುಕೊಂಡ ರತ್ನಮ್ಮ ಕೂತಲ್ಲಿಂದಲೇ ದಯಾನಂದರನ್ನು ಕೇಳಿದರು: “ಏನ್ ಓದ್ತೀರಿ ಪಾಸ್ಟರ್? ಅದನ್ನರೆ ಹೇಳ್ರಿ.”

“ಭಕ್ತರು ದೇವರ ಮುಂದ ಅತ್ತ ಕೀರ್ತನಿಗೋಳು, ಅಕ್ಕಾ. ಬೈಬಲ್ಲಿನ ಮೂಲ ಇಬ್ರಿಯ ಭಾಷಾದಾಗ.”

“ಅತ್ತಿದ್ದಾ? ನಮ್ಮವರ ಮಣ್ಣಿನ ದಿನ ಎಲ್ಲಾರೂ ನನಗ ‘ಅಳಬ್ಯಾಡ, ವಿಶ್ವಾಸ ಇದ್ದವರು ಅಳಲ್ಲ’ ಅಂದ್ರಲ್ಲ!”

“ಯಾಕ ನನ್ನ ಕೈ ಬಿಟ್ಟಿ ಅಂತ ದೇವರಿಗೇ ಕೇಳ್ಯಾರಕ್ಕಾ. ಆ ಅಳೂನೂ ಪ್ರಾರ್ಥನಾನೇ. ಶಿಲುಬಿ ಮ್ಯಾಲ ಯೇಸುಸ್ವಾಮಿ ಬಾಯಾಗೂ ಅದೇ ಕೀರ್ತನಿ ಬಂತು.”

ರತ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಯಾರೂ ತಡೆಯಲಿಲ್ಲ. ಬಹಳ ಹೊತ್ತಿನ ಮೇಲೆ ಕಣ್ಣೊರಸಿಕೊಂಡು ತುಕಾರಾಮಪ್ಪನವರತ್ತ ತಿರುಗಿದರು. “ಕಾಕಾ, ಇವರಿಗೆ ಓದ್ಲಾಕ ಬಿಡ್ರಿ. ಆ ಎರಡು ದಿನ ದವಾಖಾನಿಗೆ ನಾವು ಹೆಣ್ಣುಮಕ್ಕಳು ಹೋಗ್ತೇವು. ಪ್ರಾರ್ಥನಾ ಮಾಡ್ಲಾಕ ನಮಗ ಬಾಯಿ ಇಲ್ಲೇನು?”

“ನಿನ್ನ ಬಾಯಿ ಊರಿಗೇ ಗೊತ್ತದವ್ವಾ” ಎಂದು ತುಕಾರಾಮಪ್ಪನವರು ನಕ್ಕರು. ಆಮೇಲೆ ದಯಾನಂದರಿಗೆ, “ಓದಿದ್ದೆಲ್ಲಾ ಹಿಂಗೇ ನಮ್ಮ ಮಾತಿನಾಗ ಹೇಳ್ಬೇಕು ನೋಡ್ರಿ” ಎಂದು ಕೈಯೆತ್ತಿದರು. ಜಮಖಾನೆಯ ತುಂಬ ಕೈಗಳೆದ್ದವು.

ನನ್ನ ಭಾಷಣ ನನ್ನಲ್ಲೇ ಉಳಿಯಿತು. ಶಿಷ್ಯರು ಪದವಿ ಪಡೆದಾಗಲೆಲ್ಲ ಹಿಗ್ಗಿದವನು ನಾನು. ಆದರೆ ವಿದ್ಯೆಯನ್ನು ಒಂದು ಸಭೆಯೇ ತನಗೆ ಬೇಕೆಂದು ಕೇಳಿದ ಆ ಸಂಜೆಯ ಹೆಮ್ಮೆ ಬೇರೆಯೇ ಆಗಿತ್ತು.

ಮರುದಿನ ಆರಾಧನೆ ಮುಗಿಸಿ, ರೊಟ್ಟಿ, ಪುಂಡಿಪಲ್ಯ ಉಂಡು, ಸುಂದರಪ್ಪನವರನ್ನು ಭಾಲ್ಕಿಯ ಬಸ್ಸಿಗೆ ಹತ್ತಿಸಿ, ನಾನು ಬೀದರದ ನೇರ ಬಸ್ಸು ಹತ್ತಿದೆ. ರತ್ನಮ್ಮನವರೂ ಇನ್ನೊಬ್ಬ ತಾಯಿಯೂ ಬೈಬಲ್ ಹಿಡಿದು ದವಾಖಾನೆಯತ್ತ ನಡೆದಿದ್ದುದು ಕಿಟಕಿಯಿಂದ ಕಂಡಿತು.

ಓದುವ ಪಾಲಕರಿಗೂ ಅವರನ್ನು ಓದಲು ಬಿಟ್ಟ ಸಭೆಗೂ ಕರ್ತನು ತನ್ನ ಸಮಾಧಾನವನ್ನು ಕೊಡಲಿ. ಅಲ್ಲಿ ಎತ್ತಿದ ಕೈಗಳೆಲ್ಲವನ್ನೂ ಆತನು ಆಶೀರ್ವದಿಸಲಿ. ಆಮೆನ್.