ಯಾದಿಯಲ್ಲಿ ಇಲ್ಲದ ಹೆಸರು

ಯಾದಗಿರಿಯ ನಮ್ಮ ಕಾಲೇಜಿನಲ್ಲಿ ಮತದಾರರ ನೋಂದಣಿಗೆ ಮೇಜು ಹಾಕಿದ ದಿನ ಮೇಡಂ ಕ್ಲಾಸಿಗೆ ಬಂದು ಹೇಳಿದರು: "ಹಾಸ್ಟೆಲ್‌ನಾಗ ಇರೋರು ಇಲ್ಲೂ ಹೆಸರು ಹಾಕಿಸಬಹುದು, ಊರಾಗೂ ಇಟ್ಕೋಬಹುದು. ಎರಡೂ ಕಡಿ ಮಾತ್ರ ಬ್ಯಾಡ್ರಿ." ನನ್ನ ರೂಮಿನ ಮೂವರೂ ಹಾಸ್ಟೆಲ್ ವಿಳಾಸ ಬರೆದುಕೊಟ್ಟರು. ನಾನು ಮೇಜಿನ ಹತ್ತಿರವೂ ಸುಳಿಯಲಿಲ್ಲ. ಹದಿನೆಂಟು ತುಂಬಿದಾಗಲೇ ಊರಿನಲ್ಲಿ ಕಾರ್ಡು ಮಾಡಿಸಿದ್ದೆ. ಮೊದಲ ವೋಟನ್ನು ಅವ್ವನ ಜೊತೆ ನಿಂತೇ ಹಾಕಬೇಕೆಂಬುದು ನನ್ನ ಹಟ. ನಿಜ ಹೇಳಬೇಕೆಂದರೆ, ಆ ಹಾಸ್ಟೆಲ್ಲೇ ನನ್ನ ಮನೆ ಎಂದು ಸರ್ಕಾರಕ್ಕೆ ಬರೆದುಕೊಡಲು ಮನಸ್ಸಿರಲಿಲ್ಲ. ಎರಡು ವರ್ಷವಾದರೂ ಅಲ್ಲಿ ನನ್ನನ್ನು ಊಟಕ್ಕೆ ಕರೆಯುವ ಒಬ್ಬ ಗೆಳತಿ ಇರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಯಾರು ಕರೆದಾರು?

ಮತದಾನದ ದಿನ ನಸುಕಿನಲ್ಲೇ ಹೊರಟೆ. ಶಹಾಪುರದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಸುರಪುರದಲ್ಲಿ ಬಸ್ಸು ಬದಲಿಸಿ, ತಿಂಥಣಿ ರಸ್ತೆಯ ನಮ್ಮೂರ ಕ್ರಾಸಿಗೆ ಇಳಿದಾಗ ಹತ್ತು ದಾಟಿತ್ತು. ಅವ್ವ ವೋಟು ಹಾಕದೆ ಕಾದಿದ್ದಳು. ಶಾಲೆಯ ಅಂಗಳದ ಸಾಲಿನಲ್ಲಿ ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತಳು. ಬಹಳ ದಿನಗಳ ಮೇಲೆ ಜೀವಕ್ಕೆ ಹಾಯೆನಿಸಿತು.

ಒಳಗೆ ಮೇಜಿನವರು ಪಟ್ಟಿಯ ಮೇಲೆ ಬೆರಳಾಡಿಸಿ, "ನಿನ್ನ ಹೆಸರು ತಗದಾರಲ್ಲವ್ವ" ಅಂದರು. ಕಾರ್ಡು ತೋರಿಸಿದೆ. "ಕಾರ್ಡ್ ಇದ್ರ ಆಗಂಗಿಲ್ಲ. ಯಾದ್ಯಾಗ ಹೆಸರಿರಬೇಕು."

ಹೊರಗೆ ಚೀಟಿ ಕೊಡುತ್ತಿದ್ದ ಅಂಗನವಾಡಿ ಅಕ್ಕ ಗದ್ದಲ ಕೇಳಿ ಬಂದಳು. ಮನೆಮನೆಗೆ ತಿರುಗಿ ಯಾದಿ ತಿದ್ದುವವಳು ಅವಳೇ. "ನಾ ಮನಿಗೆ ಬಂದು ಕೇಳಿದ್ದೆ. ಮಗಳು ಇಲ್ಲಿ ಇರಂಗಿಲ್ಲ, ಯಾದಗಿರಿಯಾಗ ದೊಡ್ಡ ಕಾಲೇಜು ಕಲಿಯಾಕತ್ಯಾಳ ಅಂತ ನಿಮ್ಮವ್ವನೇ ಹೇಳಿದ್ಲು. ಆಮ್ಯಾಲೆ ಹೆಸರು ತಗೀತೀವಿ ಅಂತ ನೋಟಿಸೂ ಬಂದಿತ್ತಲ್ಲ?"

"ಬಂದದ," ಅಂದಳು ಅವ್ವ. "ಟಪಾಲಿನವ್ರು ಆಕಿ ಹೆಸರಿಂದು ಅಂದ್ರು. ಆಕಿ ಮಾರ್ಕ್ಸ್ ಕಾರ್ಡಿನ ಕೂಡ ಟ್ರಂಕಿನ್ಯಾಗ ಇಟ್ಟೀನಿ."

ಅವ್ವನಿಗೆ ಓದು ಬಾರದು. ಕೇಳಿದವರಿಗೆ, ಕೇಳದವರಿಗೆ ನನ್ನ ಕಾಲೇಜಿನ ಸುದ್ದಿ ಹೇಳುವುದೊಂದೇ ಅವಳ ದೊಡ್ಡಸ್ತಿಕೆ. ಈಗ ಮೇಜು ಬಿಟ್ಟು ಕದಲಲಿಲ್ಲ. "ಸಾಹೇಬ್ರ, ನನ್ನ ವೋಟು ಆಕಿ ಹಾಕ್ಲಿ. ನಾ ಬಾಳ ಸಲ ಹಾಕೀನಿ."

"ಹಂಗ ಆಗಂಗಿಲ್ಲ ಯವ್ವ," ಎಂದು ಅವರು ನಕ್ಕರು. ನನಗೆ ನಾಚಿಕೆ, ಸಿಟ್ಟು, ಅಳು ಮೂರೂ ಒಟ್ಟಿಗೇ ಬಂದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಹೊರಗೆ ಬೇವಿನ ಗಿಡದ ಕೆಳಗೆ ನಿಂತೆ. ಅವ್ವ ಒಬ್ಬಳೇ ಗುಂಡಿ ಒತ್ತಿ ಬಂದಳು.

ದಾರಿಯಲ್ಲಿ ಕೇಳಿಯೇಬಿಟ್ಟೆ: "ಯಾಕ ಹಂಗ ಹೇಳಿದಿ ಬೇ?"

"ಖರೇನ ಹೇಳೀನಿ. ದೀಪಾವಳಿಗಿ ಬಂದಾಕಿ ಈಗ ಬಂದಿ. ಇಲ್ಲೇ ಇರ್ತಾಳ ಅಂತ ಹೆಂಗ ಹೇಳ್ಲಿ?"

ಯಾದಗಿರಿಗೆ ಮರಳಿದ ವಾರದಲ್ಲೇ ಹೊಸ ಅರ್ಜಿ ತುಂಬಿದೆ. ವಿಳಾಸದ ಜಾಗದಲ್ಲಿ ಹಾಸ್ಟೆಲ್ಲಿನದನ್ನು ಬರೆದೆ. ಅವ್ವನಿಗೆ ತಿಳಿಸಲಿಲ್ಲ.

ಮೊನ್ನೆ ಅವಳ ಫೋನು. "ಅಂಗನವಾಡಿ ಅಕ್ಕಗ ಹೇಳೀನಿ, ನನ್ನ ಮಗಳು ಇಲ್ಲೇ ಇರ್ತಾಳ ಅಂತ. ಮುಂದಿನ ಸಲ ಇಬ್ಬರೂ ಕೂಡೇ ಹೋಗೂಣು."

ನಾನು ಹ್ಞೂಂ ಅಂದೆ.