ದುರುಗಕ್ಕನ ಚಪ್ಪರದ ಎತ್ತು

ರಾಯದುರ್ಗದ ನಮ್ಮ ಓಣಿಯಾಗ ದುರುಗಕ್ಕ ಬೈಯೋದು ನಿಲ್ಲಿಸಿದ್ಳಂದ್ರ ಏನೋ ಕೆಟ್ಟದ್ದು ಆಗೈತಿ ಅಂತ ತಿಳೀಬೇಕು. ಪಕ್ಕದ ಮನಿಯಾಕಿ ನಾನು, ಈ ನರಸಕ್ಕಗ ಅದು ಚೆನ್ನಾಗಿ ಗೊತ್ತು. ಅವತ್ತು ಬೆಳಿಗ್ಗೆ ಪಂಚಾಯ್ತಿ ಬೋರ್ಡಿನ ಜವಾನ ಸುಂಕಪ್ಪ ಬಂದು ಹೋದ ಮ್ಯಾಲೆ ಆ ಮನಿಯಿಂದ ಒಂದು ಸೊಲ್ಲಿಲ್ಲ. ಹೋಗಿ ನೋಡಿದ್ರ ಆಕಿ ಹೀರೇಬಳ್ಳಿ ಚಪ್ಪರದ ಕಂಬ ಹಿಡಕೊಂಡು ನಿಂತಾಳ.

"ಚಪ್ಪರ ಆಳುದ್ದಕ್ಕೆ ಇಳಿಸಬೇಕಂತ ನರಸಕ್ಕ. ಬೀದಿ ಪಕ್ಕ ಇಷ್ಟು ಎತ್ತರ ಇದ್ರ ಪರ್ಮಿಶನ್ ಬೇಕಂತ. ಇಲ್ಲಾಂದ್ರ ನಾಳೆ ತಾವೇ ಬಂದು ಕಿತ್ತಾಕ್ತಾರಂತ."

ಊರಾಗ ಯಾರ ಚಪ್ಪರಾನೂ ಅಷ್ಟು ಎತ್ತರ ಇರ್ಲಿಲ್ಲ, ನಿಜ. ಹೀರೇಕಾಯಿ ಕೊಯ್ಯಾಕ ಏಣಿ ಹತ್ತಬೇಕಿತ್ತು. ಹತ್ತಿದಾಗೆಲ್ಲ ಆಕಿ ಗಂಡನ್ನ ಬೈತಿದ್ಳು. ಗಂಡ ಬೊಮ್ಮಪ್ಪ ಬಂಡಿ ಹೊಡಿಯೋನು. ಬಂಡಿ ಮಗುಚಿ ಕಾಲು ಮುರಕೊಂಡು ಕೂತ ಮ್ಯಾಲೆ ತನ್ನ ಎತ್ತಿನ ಜೋಡೀನ ಕಣೇಕಲ್ಲಿನ ಹೊನ್ನೂರಪ್ಪಗ ಮಾರಿದ. ಅವತ್ತಿಂದ ಉಣ್ಣೋದೂ ಅಷ್ಟಕ್ಕಷ್ಟೆ, ಮಾತೂ ಅಷ್ಟಕ್ಕಷ್ಟೆ.

ಹೊನ್ನೂರಪ್ಪ ಒಳ್ಳೆಯೋನು. ಸಂತಿಗೆ ಭತ್ತ ತಂದಾಗೆಲ್ಲ ಇದೇ ಬೀದಿಗೆ ಬರ್ತಿದ್ದ. ಎತ್ತು ತಾವಾಗೇ ಹಳೇ ಮನಿ ಮುಂದ ನಿಂತುಬಿಡ್ತಿದ್ವು. ನಮ್ಮೂರ ಬಿಸಿಲು ಕೇಳಬೇಕಾ? ಅದಕ್ಕ ದುರುಗಕ್ಕ ಚಪ್ಪರ ಎತ್ತರಿಸಿ ಬೀದಿ ಅಂಚಿನ ತನಕ ಚಾಚಿಸಿದ್ಳು, ಭತ್ತದ ಬಂಡಿ ಸಮೇತ ನೆರಳಾಗಲಿ ಅಂತ. ಬೊಮ್ಮಪ್ಪ ಕಟ್ಟೆ ಮ್ಯಾಲೆ ಕೂತು ಅವುಗಳ ಕೊರಳ ಕೆಳಗಿನ ಗಂಗೆದೊಗಲು ಸವರತಾ ಅದೇನೇನೋ ಮಾತಾಡ್ತಿದ್ದ.

ಪರ್ಮಿಶನ್ ಕೇಳಾಕ ದುರುಗಕ್ಕ ಬೋರ್ಡಿನ ಆಫೀಸಿಗೆ ಹೊಂಟಾಗ ಜೋಡಿ ನಾನೂ ಹೋದೆ. ಆಗ ನಮಗೆ ಮದ್ರಾಸಿನ ಸರಕಾರ. ಹೊಸ ಆಫೀಸರು ಗುತ್ತಿ ಕಡೆಯವರು, ಅಪ್ಪಟ ತೆಲುಗಿನವರು. ಆದ್ರೂ ಕನ್ನಡದಾಗೇ ಮಾತಾಡಬೇಕು ಅಂತ ಅವರಿಗೊಂದು ಹಟ. ತೆಲುಗಿನಾಗ ಕೇಳಿದ್ರ ಯಾವ ಎಡವಟ್ಟೂ ಆಗ್ತಿರ್ಲಿಲ್ಲ. ಸಂತ್ಯಾಗ ದುರುಗಕ್ಕನ ತೆಲುಗು ಕೇಳಿ ವ್ಯಾಪಾರಸ್ತರು ಕೈ ಮುಗೀತಾರ.

"ಏನಮ್ಮ, ಅಷ್ಟು ಎತ್ತು ಯಾಕೆ ನಿನಗೆ?" ಅಂದ್ರು.

ತೆಲುಗಿನ ಎತ್ತು ಅಂದ್ರ ಎತ್ತರ. ದುರುಗಕ್ಕನ ತಲಿಯಾಗ ಬೆಳಿಗ್ಗೆಯಿಂದ ಇದ್ದದ್ದು ಕಣೇಕಲ್ಲಿನ ಎತ್ತು.

"ಎತ್ತು ನಮ್ಮವಲ್ರೀ ಸ್ವಾಮಿ. ಮಾರೀವಿ."

ಆಫೀಸರು ಕನ್ನಡಕ ತೆಗೆದ್ರು. "ಎತ್ತು ಮಾರಿದ್ರಾ? ಚಪ್ಪರಕ್ಕೆ ಈಗ ಎತ್ತು ಇಲ್ವಾ?"

"ಅದಾವ್ರಿ. ಸಂತಿ ದಿನ ಬರ್ತಾವ, ಹಿಂಡಿ ತಿಂದು ಹೋಗ್ತಾವ."

ಬಾಗಿಲಾಗ ಸುಂಕಪ್ಪ ಬಾಯಿಗೆ ರುಮಾಲು ತುರುಕ್ಕೊಂಡ. ನನಗೂ ನಗಿ ತಡೀಲಿಲ್ಲ. ಆಫೀಸರು ಮೇಜು ಕುಟ್ಟಿದ್ರು: "ತಮಾಷೆನಾ? ನಾಳೆನೇ ಎತ್ತು ಕತ್ತರಿಸಿ!"

"ಬಿಡ್ತು ಅನ್ರಿ!" ದುರುಗಕ್ಕ ಸೆರಗು ಸೊಂಟಕ್ಕೆ ಸಿಗಿಸಿದ್ಳು. "ಆ ಮೂಗಜೀವ ಏನು ಮಾಡ್ಯಾವ ನಿಮಗ? ಅವು ಬಂದ ದಿನ ಮಾತ್ರ ನನ್ನ ಗಂಡ ಹೊಟ್ಟಿ ತುಂಬ ಉಣ್ಣೋದು. ಚಪ್ಪರ ತಗ್ಗಿದ್ರ ಅವು ಎಲ್ಲಿ ನಿಲ್ಲಬೇಕು? ಕತ್ತರಿಸೋದಿದ್ರ ನನ್ನ ಕತ್ತರಿಸ್ರಿ!" ಅಂದಾಕಿ ಗೋಳೋ ಅಂತ ಅತ್ತಳು. ಆಕಿ ಅತ್ತದ್ದು ನಾನು ಯಾವತ್ತೂ ನೋಡಿರ್ಲಿಲ್ಲ. ನನ್ನ ನಗಿ ಅಲ್ಲೇ ನಿಂತುಹೋತು.

ಸುಂಕಪ್ಪ ತೆಲುಗಿನಾಗ ಬಿಡಿಸಿ ಹೇಳಿದ. ಆಫೀಸರು ಮೊದಲು ಕೆಂಪಾದ್ರು, ಆಮ್ಯಾಲೆ ಮೆತ್ತಗಾದ್ರು. "ಓಡಾಡೋರಿಗೆ ಅಡ್ಡ ಆಗುತ್ತಾ?"

"ಇಲ್ರೀ, ಕಂಬ ಎಲ್ಲ ಅವರ ಜಾಗದಾಗೇ ಅದಾವ" ಅಂದ ಸುಂಕಪ್ಪ.

ಆಫೀಸರು ಪರ್ಮಿಶನ್ ಕಾಗದಕ್ಕೆ ಸಹಿ ಹಾಕಿ, ಈ ಸಲ ಭಾಳ ನೋಡಿಕೊಂಡು ಬಾಯಿ ತೆಗೆದ್ರು: "ಎತ್ತು ಇದ್ದಂಗೇ ಇರಲಮ್ಮ."

ಮನಿಗೆ ಬಂದ್ರ ಬೊಮ್ಮಪ್ಪ ಕುಡುಗೋಲು ಹಿಡಕೊಂಡು ಕೂತಾನ. ಬ್ಯಾರೆಯೋರು ಬಂದು ಕೀಳೋಕಿಂತ ಬಳ್ಳಿ ತಾನೇ ಕೊಯ್ಯೋದು ಅಂತ.

"ಏನಂದ್ರು?"

"ಎತ್ತು ಇರಲಿ ಅಂದ್ರು."

"ಯಾವ ಎತ್ತು?"

"ಎರಡೂ" ಅಂದ್ಳು ದುರುಗಕ್ಕ. ಅವನ ಕೈಯಾಗಿನ ಕುಡುಗೋಲು ಕಸಕೊಂಡು, ಬೆಳಿಗ್ಗೆಯಿಂದ ಉಳಿಸಿಟ್ಟಿದ್ದ ಬೈಗುಳ ಎಲ್ಲ ಶುರು ಮಾಡಿದ್ಳು.