ಮಲಂಗಸಾಬರು ಹಾಕಿಕೊಟ್ಟ ಐದನೆಯ ಕಾಲಂ

ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ಅಂಕಿ ಬರೆದವರು ನೂರಾರು ಜನ. ಆ ಅಂಕಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆಯೇ ಎಂದು ಬಗ್ಗಿ ನೋಡಿದವರು ಬೆರಳೆಣಿಕೆಯಷ್ಟು. ಆ ಕೆಲವರಲ್ಲಿ ಮೊದಲಿಗರೆಂದು ನಾನು ಎದೆ ತಟ್ಟಿ ಹೇಳಬಲ್ಲವರು ರಾಯಚೂರಿನ ಅಂಕಿಅಂಶ ಶಾಖೆಯ ಮುಖ್ಯ ಗುಮಾಸ್ತರಾಗಿ ಈ ವರ್ಷ, ೧೯೮೮ರಲ್ಲಿ, ನಿವೃತ್ತರಾಗುತ್ತಿರುವ ಶ್ರೀ ಮಲಂಗಸಾಬರು. ಅವರ ಅಭಿನಂದನ ಸಂಪುಟಕ್ಕೆ ಬರೆಯಿರೆಂದು ಸಂಪಾದಕರು ಕೇಳಿದಾಗ ನನಗೆ ಹಿಗ್ಗಿಗಿಂತ ಹೆಚ್ಚಾಗಿ ಆದದ್ದು ಅಳುಕು. ಹೊಗಳಿ ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಅವರನ್ನು ಕುರಿತು ಸತ್ಯ ಬರೆಯಹೊರಟರೆ ನನ್ನನ್ನು ಕುರಿತ ಒಂದು ಸತ್ಯವನ್ನೂ ಬರೆಯಲೇಬೇಕಾಗುತ್ತದೆ.

ನಾನು ಜಿಲ್ಲೆಯ ಒಂದು ಕಾರಾಗೃಹದಲ್ಲಿ ಗುಮಾಸ್ತನಾಗಿದ್ದೆ. ಅದರ ಹೆಸರು ಇಲ್ಲಿ ಬೇಡ. ತಪ್ಪು ಮಾಡಿದವನ ಹೆಸರು ಲೇಖನದ ಕೆಳಗೆ ಇದ್ದೇ ಇದೆ. ೧೯೭೭ರಲ್ಲಿ ಮೇಲಿನಿಂದ ಒಂದು ಪ್ರಶ್ನೆ ಬಂತು: ಹಿಂದಿನ ವರ್ಷ ಜಿಲ್ಲೆಯಲ್ಲಿ ಎಷ್ಟು ಅಪರಾಧ ಪ್ರಕರಣಗಳಾದವು? ಪೊಲೀಸರು ನಾನೂರ ಹನ್ನೆರಡು ಎಂದರು, ನ್ಯಾಯಾಲಯದವರು ಮುನ್ನೂರ ಎಪ್ಪತ್ತೊಂದು ಎಂದರು, ನಾವು ಕಾರಾಗೃಹದವರು ಐನೂರ ಒಂಬತ್ತು ಎಂದೆವು. ಮೂರೂ ನಿಜ. ಪೊಲೀಸರು ಎಣಿಸಿದ್ದು ದೂರುಗಳನ್ನು, ನ್ಯಾಯಾಲಯ ಎಣಿಸಿದ್ದು ಕಡತಗಳನ್ನು, ನಾವು ಎಣಿಸಿದ್ದು ತಲೆಗಳನ್ನು. ಈ ಮೂವರನ್ನೂ ಕೂಡಿಸಿ ಒಂದೇ ಲೆಕ್ಕಕ್ಕೆ ತರುವ ಹೊಣೆ ಮಲಂಗಸಾಬರ ಹೆಗಲಿಗೆ ಬಿತ್ತು.

ಪ್ರತಿ ತಿಂಗಳ ಮೊದಲ ಸೋಮವಾರ ಅವರ ಕೋಣೆಯಲ್ಲಿ ಸಭೆ. ಮೊದಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ಆರೋಪಪಟ್ಟಿ ಸಲ್ಲಿಸಿದರೆ ಪ್ರಕರಣ ಮುಗಿದಂತೆ ಎಂದು ಪೊಲೀಸ್ ರೈಟರು ಪಟ್ಟು ಹಿಡಿದರು. ತೀರ್ಪಾಗುವವರೆಗೆ ಮುಗಿಯುವುದಿಲ್ಲವೆಂದು ನ್ಯಾಯಾಲಯದ ಶಿರಸ್ತೇದಾರ ಗಡಿಗೆಪ್ಪನವರು ಮೇಜು ಕುಟ್ಟಿದರು. ನಾನು ಚಹಾ ಕುಡಿದೆ. ಮಲಂಗಸಾಬರು ಎಲ್ಲರ ಮಾತನ್ನೂ ಕೇಳಿ ಕೊನೆಗೆ, “ದೂರು ಬಿಡ್ರಿ, ಕಡತ ಬಿಡ್ರಿ. ಒಬ್ಬ ಮನಷ್ಯಾಗ ಒಂದು ಸಾಲು ಬರೆಯೋಣ” ಎಂದರು. ಒಂದನೆಯ ಕಾಲಂ ಹೆಸರು, ಎರಡು ಊರು, ಮೂರು ಆರೋಪ, ನಾಲ್ಕು ನ್ಯಾಯಾಲಯ, ಐದು ಎಷ್ಟು ದಿನದಿಂದ ಒಳಗಿದ್ದಾನೆ ಎಂಬುದು. ಐದನೆಯದರಲ್ಲಿ ನೂರ ಎಂಬತ್ತು ದಾಟಿದವರ ಪಟ್ಟಿ ತಿಂಗಳು ತಿಂಗಳು ನ್ಯಾಯಾಧೀಶರ ಮೇಜಿಗೆ ಹೋಗಬೇಕು. ಅಚ್ಚು ಹಾಕಿಸಲು ಮಂಜೂರಾತಿ ಸಿಗದಿದ್ದಾಗ ಈ ಪುಣ್ಯಾತ್ಮರು ಹಾಳೆಗಳಿಗೆ ತಾವೇ ಗೆರೆ ಹೊಡೆದು, ದೇವದುರ್ಗಕ್ಕೂ ಮಾನ್ವಿಗೂ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಠಾಣೆ ಠಾಣೆಗೆ ಹಂಚಿ, ತುಂಬುವ ಬಗೆಯನ್ನು ತೋರಿಸಿಕೊಟ್ಟು ಬಂದರು. ಮೊದಲ ವರ್ಷವೇ ಆ ಪಟ್ಟಿಯಿಂದಾಗಿ ಇಪ್ಪತ್ತಾರು ಜನ ಜಾಮೀನಿನ ಮೇಲೆ ಮನೆ ಸೇರಿದರು.

೧೯೭೯ರ ಫೆಬ್ರುವರಿಯಲ್ಲಿ ನನ್ನ ಮಡದಿ ಬಸವಂತಮ್ಮನಿಗೆ ಸಿರವಾರದ ತವರಿನಲ್ಲಿ ಹೆರಿಗೆ ಕಷ್ಟವಾಗಿ ಎರಡು ತಿಂಗಳು ನಾನು ರಜೆ ಹಾಕಬೇಕಾಯಿತು. ನನ್ನ ಹಾಳೆ ನಿಂತುಹೋಗಬಾರದೆಂದು ಮಲಂಗಸಾಬರು ಜೈಲರ ಅನುಮತಿ ಪಡೆದು, ತಮ್ಮ ಕಚೇರಿ ಮುಗಿಸಿಕೊಂಡು ಬಂದು, ನನ್ನ ಕುರ್ಚಿಯಲ್ಲಿ ಕುಳಿತು ಒಬ್ಬೊಬ್ಬರ ದಿನವನ್ನೂ ಎಣಿಸಿ ಬರೆದರು. ಮಾರ್ಚ್ ಕೊನೆಯ ಹಾಳೆಯಲ್ಲಿ, ದೇವದುರ್ಗ ತಾಲ್ಲೂಕಿನ ಕುರಿಗಾಹಿ ಕನಕರಾಯನ ಹೆಸರಿನ ಮುಂದೆ, ಅವರ ದುಂಡಗಿನ ಅಕ್ಷರದಲ್ಲಿ ‘೯೭’ ಎಂದಿತ್ತು. ಕುರಿ ಕದ್ದ ಆರೋಪ, ಪ್ರಕರಣವಿದ್ದದ್ದು ಮಾನ್ವಿಯಲ್ಲಿ.

ಏಪ್ರಿಲ್‌ನಲ್ಲಿ ನಾನು ಮರಳಿ ಬಂದೆ. ಪ್ರತಿ ತಿಂಗಳು ಹೊಸ ಹಾಳೆಯಲ್ಲಿ ಅದೇ ಹೆಸರು, ಅದೇ ಊರು, ಅದೇ ಆರೋಪ ಬರೆಯುವುದು ಯಾವ ಗುಮಾಸ್ತನಿಗೆ ಬೇಕು? ನಮ್ಮ ಕಸುಬಿನಲ್ಲಿ ಇದಕ್ಕೊಂದು ಹಳೆಯ ಮದ್ದುಂಟು. ಹೆಸರು ಬರೆದು, ಉಳಿದ ಕಾಲಂಗಳ ಮೇಲೆ ಉದ್ದಕ್ಕೊಂದು ಗೆರೆ ಎಳೆದು, ‘ಹಿಂದಿನಂತೆ’ ಎಂದು ಬರೆಯುವುದು. ನಾನು ಹಾಗೆಯೇ ಬರೆದೆ. ಆ ಗೆರೆ ಐದನೆಯ ಕಾಲಂ ಅನ್ನೂ ದಾಟಿಹೋಯಿತು. ಮಲಂಗಸಾಬರ ಶಾಖೆಯವರು ಹಿಂದಿನ ಹಾಳೆ ನೋಡಿ ತೊಂಬತ್ತೇಳು ಎಂದೇ ಏರಿಸಿಕೊಂಡರು. ಉಳಿದ ಕೈದಿಗಳ ಪರವಾಗಿ ವಕೀಲರು ಬಂದರು, ನೆಂಟರು ಬಂದರು. ಜಾಮೀನು ಕೊಡುವವರಿಲ್ಲದ ಕನಕರಾಯ ಮಾತ್ರ ಉಳಿದ. ಮಾನ್ವಿಗೆ ಕರೆದೊಯ್ಯಲು ಬೆಂಗಾವಲಿಗೆ ಜನವಿಲ್ಲವೆಂದು ಅವನ ನ್ಯಾಯಾಲಯದ ವಾಯಿದೆಗಳು ಮುಂದೆ ಹೋಗುತ್ತಲೇ ಇದ್ದವು. ನನ್ನ ಹಾಳೆಯಲ್ಲಿ ಅವನ ದಿನಗಳು ನಿಂತಲ್ಲೇ ನಿಂತಿದ್ದವು; ನೂರ ಎಂಬತ್ತು ದಾಟಿದವರ ಪಟ್ಟಿಗೆ ಅವನ ಹೆಸರು ಏರಲೇ ಇಲ್ಲ.

೧೯೮೧ರ ಆಗಸ್ಟಿನಲ್ಲಿ ಅವನ ತಾಯಿ ಭೀಮವ್ವ ಯಾರನ್ನೋ ಕೇಳಿಕೊಂಡು ಮಲಂಗಸಾಬರ ಕೋಣೆಗೆ ಬಂದಳು. ನಾನೂ ಅಂದು ಹಾಳೆ ಕೊಡಲು ಅಲ್ಲಿಗೆ ಹೋಗಿದ್ದೆ.

“ಯಪ್ಪಾ, ನನ್ನ ಮಗ ಒಳಗ ಹೋಗಿ ಮೂವತ್ಮೂರು ಅಮಾಸಿ ಆದ್ವು” ಎಂದು ಆಕೆ ಉಣ್ಣೆಯ ದಾರವೊಂದನ್ನು ಮೇಜಿನ ಮೇಲಿಟ್ಟಳು. “ಅಮಾಸಿಗೊಂದು ಗಂಟು ಹಾಕೀನಿ, ಎಣಿಸಿ ನೋಡ್ರಿ.”

ಮಲಂಗಸಾಹೇಬರು ತಮ್ಮ ಲೆಕ್ಕದ ತಖ್ತೆ ತೆಗೆದು ನೋಡಿ, “ಯವ್ವಾ, ನಮ್ಮ ಕಾಗದದಾಗ ತೊಂಬತ್ತೇಳು ದಿನ ಅಂತ ಅದ” ಎಂದರು.

“ಹಂಗಾರ ನಿಮ್ಮ ಕಾಗದಕ್ಕ ಅಮಾಸಿ ಬರಂಗಿಲ್ಲೇನ್ರಿ?”

ಸಾಹೇಬರು ಗಂಟುಗಳನ್ನು ಎಣಿಸಿದರು. ಆಮೇಲೆ ನನ್ನೊಡನೆ ಕಾರಾಗೃಹಕ್ಕೆ ನಡೆದು ಬಂದು, ಎರಡೂವರೆ ವರ್ಷದ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

“ಇದು ಯಾರ ಅಕ್ಷರ ಜಂಬಣ್ಣಾ?”

“ನಂದ ರೀ, ಸಾಹೇಬ್ರ.”

“ಹೆಸರು ಹಿಂದಿನಂಗ ಇರತದ, ಊರು ಇರತದ. ದಿನ ಇರತಾವೇನೋ?”

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ಅಂದಿಗೆ ಸರಿಯಾದ ಲೆಕ್ಕ ಒಂಬೈನೂರ ಅರವತ್ತು ದಿನ. ಹೆಸರು ನ್ಯಾಯಾಧೀಶರಿಗೆ ತಲುಪಿದ ನಾಲ್ಕನೆಯ ದಿನ ಕನಕರಾಯ ಜಾಮೀನುದಾರರಿಲ್ಲದೆ ಸ್ವಂತ ಮುಚ್ಚಳಿಕೆಯ ಮೇಲೆ ಹೊರಬಂದ. ಒಳಗೆ ಹೋದಾಗ ತೊಟ್ಟಿಲಲ್ಲಿದ್ದ ಅವನ ಮಗಳು ಗೇಟಿನ ಬಳಿ ಅವನನ್ನು ಕಂಡು ಹೆದರಿ ಭೀಮವ್ವನ ಹಿಂದೆ ಸರಿದಳು. ಅವನು ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಾನು ಕಚೇರಿಯ ಕಿಟಕಿಯಿಂದ ನೋಡುತ್ತಿದ್ದೆ; ಹೊರಗೆ ಹೋಗುವ ಮುಖ ನನಗಿರಲಿಲ್ಲ.

ಈ ತಪ್ಪಿನ ಬಗ್ಗೆ ಇಲಾಖಾ ವಿಚಾರಣೆಯಾಯಿತು. ಹಾಳೆಗಳನ್ನು ತಾಳೆ ನೋಡಿ ಕ್ರೋಡೀಕರಿಸುವ ಹೊಣೆ ತಮ್ಮದು, ಆದ್ದರಿಂದ ತಪ್ಪು ತಮ್ಮದೆಂದು ಮಲಂಗಸಾಬರು ಬರೆದುಕೊಟ್ಟರು. ನನ್ನ ಹೆಸರು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಅವರ ತಪ್ಪು ಇದ್ದದ್ದು ಒಂದೇ, ನನ್ನನ್ನು ನಂಬಿದ್ದು. ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿ ಬಿತ್ತು, ಬಡ್ತಿ ನಿಂತಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಈ ಹಾಳೆಯಿಂದಲೇ ತಲೆನೋವು ಬಂತೆಂದು ಮೇಲಿನವರು ಸೋಮವಾರದ ಸಭೆಯನ್ನೇ ಕೈಬಿಟ್ಟರು. ಮೂರೂ ಕಚೇರಿಗಳು ತಮ್ಮ ತಮ್ಮ ಲೆಕ್ಕಕ್ಕೆ ಹಿಂತಿರುಗಿದವು. ನೂರ ಎಂಬತ್ತು ದಾಟಿದವರ ಪಟ್ಟಿ ಈಗ ಯಾರ ಮೇಜಿಗೂ ಹೋಗುವುದಿಲ್ಲ. ಮರುವರ್ಷ ನನಗೆ ಬಡ್ತಿಯಾಯಿತು. ನಾಚಿಕೆಗೇಡಿ ನಾನು, ಪೇಡಾ ಹಂಚಿದೆ. ಅವರೂ ಒಂದನ್ನು ತಿಂದು ಹರಸಿದರು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಈ ಲೇಖನ ಬರೆಯುವ ಮೊದಲು ಅವರ ಮನೆಗೆ ಹೋಗಿ ಎಲ್ಲವನ್ನೂ ಬರೆಯುವುದಾಗಿ ಹೇಳಿದೆ. ಅವರ ಪತ್ನಿ ಹೀರಾಬಿಯವರು, “ಏಳು ವರ್ಷದ ಮ್ಯಾಗ ಯಾಕ್ರಿ ಜಂಬಣ್ಣ?” ಎಂದು ಮುಖ ತಿರುಗಿಸಿದರು. ಸಾಹೇಬರು ಮಾತ್ರ, “ಬರೀರಿ. ಹೊಸಾ ಹುಡುಗ್ರು ಓದಿದ್ರ ಮುಂದ ಎಣಿಸಿ ಬರೀತಾರ” ಎಂದರು. ಬರುವ ತಿಂಗಳಿಂದ ದೇವದುರ್ಗ, ಮಾನ್ವಿಗಳಿಗೆ ತಾವೇ ಹೋಗಿ, ಒಳಗಿದ್ದವರ ಮನೆಯವರನ್ನು ಕೇಳಿ, ಆ ಪಟ್ಟಿಯನ್ನು ಮತ್ತೆ ಮಾಡುವರಂತೆ. ಗೆರೆ ಹೊಡೆದ ಹಾಳೆಗಳು ಆಗಲೇ ಮಂಚದ ಮೇಲಿದ್ದವು.

ಈ ಕೆಲಸ ಕೈಗೂಡಲೆಂದೂ, ಮಲಂಗಸಾಬರಿಗೂ ಹೀರಾಬಿಯವರಿಗೂ ಆಯುರಾರೋಗ್ಯಗಳು ತುಂಬಿಬರಲೆಂದೂ ಮನಸಾರೆ ಬೇಡುತ್ತೇನೆ. ನಾನು ಬಾಯಿ ಮುಚ್ಚಿಕೊಂಡಿದ್ದ ಏಳು ವರ್ಷಗಳನ್ನು ದೇವರು ನನ್ನ ಆಯುಷ್ಯದಿಂದ ತೆಗೆದು ಅವರ ಆಯುಷ್ಯಕ್ಕೆ ಸೇರಿಸಲಿ. ಕನಕರಾಯನ ದಿನಗಳನ್ನು ಮಾತ್ರ ಯಾರಿಂದ ತೆಗೆದು ಕೊಡಿಸಬೇಕೆಂದು ಬೇಡಲಿ, ನನಗೆ ತಿಳಿಯದು.

— ಜಂಬಣ್ಣ